ಯಾವ ವಸ್ತು ಕೋಶಪೊರೆಯನ್ನು ಹೇಗೆ ದಾಟುತ್ತದೆ? ಬಾಯಿಪಾಠ ಬಿಟ್ಟು ಲೆಕ್ಕ ಹಾಕುವ ದಾರಿ

ಕೋಶಪೊರೆಯ ಪಾಠ ಶುರುವಾಯಿತು ಅಂದರೆ ಹೆಸರುಗಳ ಸಾಲು ಬರುತ್ತದೆ. ಸರಳ ವಿಸರಣೆ, ಸುಗಮ ವಿಸರಣೆ, ಅಭಿಸರಣೆ, ಸಕ್ರಿಯ ಸಾಗಣೆ, ಎಂಡೋಸೈಟೋಸಿಸ್. ಇವನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಗೂ "ಯೂರಿಯಾ ಹೇಗೆ ದಾಟುತ್ತೆ?" ಎಂದು ಕೇಳಿದರೆ ತಡವರಿಸುವಂತಾಗುತ್ತದೆ. ಹೆಸರುಗಳು ಗೊತ್ತು, ಆದರೆ ಹೆಸರು ಹಚ್ಚುವ ಮೊದಲು ಏನು ಕೇಳಿಕೊಳ್ಳಬೇಕು ಅನ್ನುವುದು ಗೊತ್ತಿಲ್ಲ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕೇ. ಈ ವಸ್ತು ಪೊರೆಯ ಎಣ್ಣೆಯಂಥ ನಡುಭಾಗವನ್ನು ತಾನಾಗಿಯೇ ದಾಟಬಲ್ಲದೇ? ಇಳಿಜಾರು (ವಸ್ತು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ) ಯಾವ ಕಡೆಗಿದೆ? ದಾಟಿಸುವ ಪ್ರೋಟೀನು ಇದೆಯೇ? ಏರು ಹತ್ತಬೇಕಾದರೆ ಶಕ್ತಿ ಎಲ್ಲಿಂದ ಬರುತ್ತದೆ? ಈ ಕ್ರಮದಲ್ಲೇ ಕೇಳಿದರೆ ಪುಸ್ತಕದಲ್ಲಿಲ್ಲದ ವಸ್ತುವಿಗೂ ನೀವೇ ಉತ್ತರ ಕಂಡುಕೊಳ್ಳಬಹುದು. ಒಂದು ಹಾಳೆ, ಪೆನ್ಸಿಲ್ಲು ತೆಗೆದುಕೊಂಡು ಓದಿದರೆ ಒಳ್ಳೆಯದು.

ಹೆಜ್ಜೆ 1: ಮೊದಲು ಪೊರೆಯನ್ನು ನೀವೇ ಬರೆಯಿರಿ

ಮುದ್ರಿಸಿದ ಚಿತ್ರ ನೋಡಿದರೆ ಸಾಲದು, ಕೈಯಿಂದ ಬರೆಯಲೇಬೇಕು. ಮೊದಲು ಒಂದು ಫಾಸ್ಫೋಲಿಪಿಡ್ ಅಣು, ಅಂದರೆ ಪೊರೆ ಕಟ್ಟುವ ಕೊಬ್ಬಿನಂಥ (ಲಿಪಿಡ್) ಅಣು ಬರೆಯಿರಿ. ಒಂದು ದುಂಡು ತಲೆ, ಅದಕ್ಕೆ ಎರಡು ಬಾಲ. ತಲೆಯಲ್ಲಿ ಫಾಸ್ಫೇಟ್ ಇದೆ, ಅದಕ್ಕೆ ವಿದ್ಯುದಾವೇಶ ಇದೆ, ಹಾಗಾಗಿ ಅದು ನೀರಿನ ಜೊತೆ ಸುಲಭವಾಗಿ ಬೆರೆಯುತ್ತದೆ. ಬಾಲಗಳು ಕೊಬ್ಬಿನ ಆಮ್ಲಗಳು, ಅಂದರೆ ಬರೀ ಕಾರ್ಬನ್ನು ಮತ್ತು ಹೈಡ್ರೋಜನ್ನಿನ ಉದ್ದ ಸರಪಳಿ. ಅವಕ್ಕೂ ನೀರಿಗೂ ಆಗಿಬರುವುದಿಲ್ಲ.

ಇಂಥ ಅಣುಗಳನ್ನು ನೀರಿಗೆ ಹಾಕಿದರೆ ಏನಾಗಬೇಕು ಎಂದು ಯೋಚಿಸಿ. ತಲೆಗಳು ನೀರಿನ ಕಡೆ ತಿರುಗಬೇಕು, ಬಾಲಗಳು ನೀರಿನಿಂದ ಮರೆಯಾಗಬೇಕು. ಎರಡು ಸಾಲು ಅಣುಗಳು ಬಾಲಕ್ಕೆ ಬಾಲ ತಾಗಿಸಿ ನಿಂತರೆ ಎರಡೂ ಒಟ್ಟಿಗೆ ಸಾಧ್ಯ. ಅದೇ ಇಮ್ಮಡಿ ಪದರ. ಯಾರೂ ಜೋಡಿಸಬೇಕಾಗಿಲ್ಲ, ನೀರಿನಲ್ಲಿ ತಾನಾಗಿಯೇ ಆಗುತ್ತದೆ. ಹರಿದರೂ ತಾನಾಗಿಯೇ ಕೂಡಿಕೊಳ್ಳುತ್ತದೆ. ಅಂಚು ತೆರೆದಿದ್ದರೆ ಅಲ್ಲಿನ ಬಾಲಗಳಿಗೆ ನೀರು ತಾಗುತ್ತದೆ, ಅದು ಅವಕ್ಕೆ ಒಗ್ಗುವುದಿಲ್ಲ. ಅದಕ್ಕೇ ಪೊರೆ ಯಾವಾಗಲೂ ಮುಚ್ಚಿದ ಚೀಲದ ಆಕಾರಕ್ಕೆ ಬರುತ್ತದೆ.

ಪೊರೆಯಲ್ಲಿ ಎರಡು ಸಾಲು ಇದೆ ಎಂದು 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ತೋರಿಸಿದರು. ಕೆಂಪು ರಕ್ತಕಣಗಳಿಂದ ಲಿಪಿಡ್ ತೆಗೆದು ನೀರಿನ ಮೇಲೆ ಒಂದೇ ಅಣುವಿನಷ್ಟು ತೆಳ್ಳಗೆ ಹರಡಿದರು. ಆ ಹರವು ರಕ್ತಕಣಗಳ ಒಟ್ಟು ಮೈ ವಿಸ್ತೀರ್ಣದ ಸುಮಾರು 2 ಪಟ್ಟು ಬಂತು. ಅವರು ಲಿಪಿಡ್ಡನ್ನು ಪೂರ್ತಿಯಾಗಿ ತೆಗೆದಿರಲಿಲ್ಲ, ರಕ್ತಕಣದ ವಿಸ್ತೀರ್ಣವನ್ನೂ ಕಡಿಮೆ ಎಣಿಸಿದ್ದರು ಎಂದು ಆಮೇಲೆ ಗೊತ್ತಾಯಿತು. ಎರಡು ಕೊರತೆಗಳು ಒಂದನ್ನೊಂದು ಸರಿದೂಗಿಸಿದವು, ಉತ್ತರ ಸರಿಯಾಗಿಯೇ ಉಳಿಯಿತು.

ಈಗ ಚಿತ್ರದ ಮೇಲೆ ಅಳತೆ ಹಾಕಿ. ಇಡೀ ಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್. ಅದರಲ್ಲಿ ಬಾಲಗಳೇ ತುಂಬಿರುವ ನಡುಭಾಗ ಸುಮಾರು 3 ನ್ಯಾನೋಮೀಟರ್. ಈ 3 ನ್ಯಾನೋಮೀಟರಿಗೆ ಬಣ್ಣ ತುಂಬಿ. ಮುಂದಿನ ಎಲ್ಲ ಮಾತೂ ಇದರ ಸುತ್ತಲೇ ಇದೆ.

ಹೆಜ್ಜೆ 2: ಚಿತ್ರಕ್ಕೆ ಚಲನೆ ಸೇರಿಸಿ

ಪುಸ್ತಕದ ಚಿತ್ರ ನೋಡಿದವರಿಗೆ ಪೊರೆ ಗೋಡೆಯ ಹಾಗೆ ಗಟ್ಟಿ ಅನಿಸುತ್ತದೆ. ಹಾಗಲ್ಲ. ಲಿಪಿಡ್ ಅಣುಗಳು ತಮ್ಮ ಸಾಲಿನೊಳಗೆ ಸೆಕೆಂಡಿಗೆ ಸುಮಾರು 1 ಕೋಟಿ ಸಲ ಪಕ್ಕದವುಗಳ ಜೊತೆ ಜಾಗ ಬದಲಿಸುತ್ತವೆ. ಆದರೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಮಗುಚುವುದು ತುಂಬಾ ಅಪರೂಪ. ಯಾಕೆ ಗೊತ್ತಾ? ಮಗುಚಬೇಕಾದರೆ ಆವೇಶವಿರುವ ತಲೆ ಆ 3 ನ್ಯಾನೋಮೀಟರ್ ಎಣ್ಣೆಯೊಳಗಿಂದ ಹಾದುಹೋಗಬೇಕು. ಆವೇಶಕ್ಕೆ ಅಲ್ಲಿ ದಾರಿ ಇಲ್ಲ. ಲಿಪಿಡ್ಡಿಗೂ ಇದೇ ನಿಯಮ, ಹೊರಗಿನಿಂದ ಬರುವ ಅಯಾನಿಗೂ (ಆವೇಶವಿರುವ ಕಣಕ್ಕೂ) ಇದೇ ನಿಯಮ.

ಈ ಎರಡು ಸಾಲಿನ ನಡುವೆ ಪ್ರೋಟೀನುಗಳನ್ನು ಬರೆಯಿರಿ. ಕೆಲವು ಪೊರೆಯ ಈ ಕಡೆಯಿಂದ ಆ ಕಡೆಗೂ ಚಾಚಿರುತ್ತವೆ, ಕೆಲವು ಒಂದು ಬದಿಗೆ ಅಂಟಿರುತ್ತವೆ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಒಂದು ಇಲಿಯ ಕೋಶವನ್ನೂ ಒಂದು ಮನುಷ್ಯನ ಕೋಶವನ್ನೂ ಬೆಸೆದರು. ಎರಡರ ಪ್ರೋಟೀನುಗಳಿಗೂ ಬೇರೆ ಬೇರೆ ಹೊಳೆಯುವ ಬಣ್ಣ ಹಚ್ಚಿದ್ದರು. ಮೊದಲು ಬಣ್ಣಗಳು ಅರ್ಧಕ್ಕೆ ಅರ್ಧ ಬೇರೆಯಾಗಿದ್ದವು. 37 ಡಿಗ್ರಿ ಬಿಸಿಯಲ್ಲಿ ಸುಮಾರು 40 ನಿಮಿಷ ಬಿಟ್ಟರೆ ಪೂರ್ತಿ ಬೆರೆತುಹೋದವು. ಪ್ರೋಟೀನುಗಳೂ ತೇಲುತ್ತಾ ಓಡಾಡುತ್ತವೆ ಎಂದು ಆಗ ಕಣ್ಣಿಗೇ ಕಂಡಿತು. ಇದನ್ನೆಲ್ಲ ಸೇರಿಸಿ 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮುಂದಿಟ್ಟ ಮಾದರಿಯನ್ನೇ ನಾವು ಇವತ್ತಿಗೂ ಓದುವುದು.

ಪ್ರಾಣಿಗಳ ಕೋಶವಾದರೆ ಬಾಲಗಳ ನಡುವೆ ಕೊಲೆಸ್ಟ್ರಾಲ್ ಕೂಡ ಬರೆಯಿರಿ. ಬಿಸಿ ಜಾಸ್ತಿಯಾದಾಗ ಅದು ಬಾಲಗಳ ಓಡಾಟವನ್ನು ಹಿಡಿದಿಡುತ್ತದೆ. ತಂಪು ಜಾಸ್ತಿಯಾದಾಗ ಬಾಲಗಳು ಒತ್ತಾಗಿ ಹೆಪ್ಪುಗಟ್ಟದಂತೆ ತಡೆಯುತ್ತದೆ.

ಪೊರೆ ಕೆಟ್ಟರೆ ಏನಾಗುತ್ತದೆ ಎಂದು ನೋಡುವ ಆಸೆಯಿದ್ದರೆ ಬೀಟ್‌ರೂಟ್ ಸಾಕು. ಅದರ ಕೆಂಪು ಬಣ್ಣ ಕೋಶದೊಳಗಿನ ರಸದಾನಿಯಲ್ಲಿರುತ್ತದೆ. ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ, ಬಣ್ಣ ಬರುವುದು ನಿಲ್ಲುವವರೆಗೆ ತೊಳೆಯಿರಿ. ಇಲ್ಲದಿದ್ದರೆ ಚಾಕು ತಾಗಿ ಒಡೆದ ಕೋಶಗಳ ಬಣ್ಣವೇ ಲೆಕ್ಕಕ್ಕೆ ಬರುತ್ತದೆ. ಆಮೇಲೆ 30, 40, 50, 60, 70 ಡಿಗ್ರಿಯ ನೀರಿನಲ್ಲಿ ಒಂದೊಂದು ತುಂಡನ್ನು ಒಂದೇ ಸಮಯ ಇಡಿ. ತಂಪು ನೀರಿನಲ್ಲಿ ಬಣ್ಣ ಹೆಚ್ಚುಕಮ್ಮಿ ಒಳಗೇ ಉಳಿಯುತ್ತದೆ. ಬಿಸಿ ಏರಿದಂತೆ ಪೊರೆಯ ಪ್ರೋಟೀನುಗಳು ಕೆಟ್ಟು, ಲಿಪಿಡ್ ಸಡಿಲವಾಗಿ, ನೀರು ಕೆಂಪಾಗುತ್ತದೆ. ಬಣ್ಣ ಹೊರಬರಬೇಕಾದರೆ ರಸದಾನಿಯ ಪೊರೆ ಮತ್ತು ಕೋಶದ ಪೊರೆ ಎರಡೂ ಸೋಲಬೇಕು ಅನ್ನುವುದು ನೆನಪಿರಲಿ.

ಹೆಜ್ಜೆ 3: ವಸ್ತು ಎಣ್ಣೆಯನ್ನು ತಾನೇ ದಾಟಬಲ್ಲದೇ?

ಇದು ಮೊದಲ ಪ್ರಶ್ನೆ. ಎರಡು ಸಂಗತಿ ನೋಡಿ: ಆವೇಶ ಮತ್ತು ಗಾತ್ರ. ಎರಡರಲ್ಲಿ ಆವೇಶವೇ ಮುಖ್ಯ.

ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್‌ನಂಥ ಪುಟ್ಟ, ಆವೇಶವಿಲ್ಲದ ಅಣುಗಳು ಸಲೀಸಾಗಿ ದಾಟುತ್ತವೆ. ಸ್ಟೀರಾಯ್ಡ್ ಹಾರ್ಮೋನುಗಳು ದೊಡ್ಡವೇ, ಆದರೂ ಕೊಬ್ಬಿನಲ್ಲಿ ಕರಗುವುದರಿಂದ ಅವೂ ದಾಟುತ್ತವೆ. ನೀರು, ಯೂರಿಯಾದಂಥವು ಚಿಕ್ಕವು, ಆದರೆ ನೀರಿನ ಗುಣದವು. ಅವು ಸ್ವಲ್ಪ ಮಟ್ಟಿಗೆ ದಾಟುತ್ತವೆ. ಗ್ಲೂಕೋಸ್ ದೊಡ್ಡದೂ ಹೌದು, ನೀರಿನ ಗುಣದ್ದೂ ಹೌದು. ಅದಕ್ಕೆ ತೀರಾ ಕಷ್ಟ. ಅಯಾನುಗಳಿಗಂತೂ ಹೆಚ್ಚುಕಮ್ಮಿ ಆಗುವುದೇ ಇಲ್ಲ.

"ಸೋಡಿಯಂ ಅಯಾನು ನೀರಿನ ಅಣುವಿಗಿಂತ ದೊಡ್ಡದೇನಲ್ಲ, ಮತ್ತೆ ಯಾಕೆ ದಾಟಲ್ಲ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಅಯಾನಿನ ಸುತ್ತ ನೀರಿನ ಅಣುಗಳು ಬಿಗಿಯಾಗಿ ಮುತ್ತಿಕೊಂಡಿರುತ್ತವೆ. ಎಣ್ಣೆಯೊಳಗೆ ಹೋಗಬೇಕಾದರೆ ಅವನ್ನು ಬಿಟ್ಟುಬರಬೇಕು. ಬಿಟ್ಟುಬರುವುದಕ್ಕೆ ಬಹಳ ಶಕ್ತಿ ಬೇಕು, ಆ ನಷ್ಟ ತುಂಬಿಕೊಡುವ ಏನೂ ಎಣ್ಣೆಯಲ್ಲಿಲ್ಲ. ಹೀಗಾಗಿ ಬರೀ ಲಿಪಿಡ್ಡಿನ ಪದರವನ್ನು ಸೋಡಿಯಂ ದಾಟುವ ವೇಗ ನೀರು ದಾಟುವ ವೇಗಕ್ಕಿಂತ ಸುಮಾರು 100 ಕೋಟಿ ಪಟ್ಟು ಕಡಿಮೆ.

ವಸ್ತು ತಾನೇ ದಾಟಬಲ್ಲದಾದರೆ ನಿಮ್ಮ ಉತ್ತರ ಇಲ್ಲಿಗೇ ಮುಗಿಯಿತು: ಸರಳ ವಿಸರಣೆ. ಒಂದೇ ಒಂದು ಎಚ್ಚರ. ವಿಸರಣೆ ಹತ್ತಿರದ ದೂರಕ್ಕೆ ಮಾತ್ರ ಚುರುಕು. ದೂರ 2 ಪಟ್ಟಾದರೆ ಸಮಯ 4 ಪಟ್ಟಾಗುತ್ತದೆ. ಪುಟ್ಟ ಅಣುವೊಂದು ನೀರಿನಲ್ಲಿ 10 ಮೈಕ್ರೋಮೀಟರ್ ಸರಿಯಲು ಸೆಕೆಂಡಿನ ಸಣ್ಣ ಭಾಗ ಸಾಕು. 1 ಸೆಂಟಿಮೀಟರ್ ಸರಿಯಲು ಗಂಟೆಗಟ್ಟಲೆ ಬೇಕು. ಕೋಶಗಳು ಚಿಕ್ಕದಾಗಿರುವುದಕ್ಕೆ, ದೊಡ್ಡ ಪ್ರಾಣಿಗಳಿಗೆ ರಕ್ತ ಹರಿಯಲೇಬೇಕಾಗಿರುವುದಕ್ಕೆ ಇದೂ ಒಂದು ಕಾರಣ.

ಹೆಜ್ಜೆ 4: ಇಳಿಜಾರು ಯಾವ ಕಡೆ?

ಒಳಗಿನ ಸಾರತೆ ಎಷ್ಟು, ಹೊರಗಿನದು ಎಷ್ಟು ಎಂದು ಬರೆದುಕೊಳ್ಳಿ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಇಳಿಜಾರು. ನಮ್ಮ ಕೋಶಗಳಲ್ಲಿ ಪೊಟ್ಯಾಸಿಯಂ ಒಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 4ರಿಂದ 5. ಸೋಡಿಯಂ ಇದಕ್ಕೆ ತದ್ವಿರುದ್ಧ: ಹೊರಗೆ ಸುಮಾರು 145, ಒಳಗೆ 10ರಿಂದ 15. ಈ ಎರಡು ಸಾಲನ್ನು ಮಾತ್ರ ಬಾಯಿಪಾಠ ಮಾಡಿ. ಬೇಕಾದಷ್ಟು ಕಡೆ ಕೆಲಸಕ್ಕೆ ಬರುತ್ತದೆ.

ಅಯಾನಾದರೆ ಇನ್ನೊಂದನ್ನೂ ನೋಡಬೇಕು. ಪೊರೆಯ ಒಳಬದಿ ಹೊರಬದಿಗಿಂತ ಋಣಾತ್ಮಕ. ಧನ ಅಯಾನನ್ನು ಅದು ಒಳಕ್ಕೆ ಸೆಳೆಯುತ್ತದೆ. ಸೋಡಿಯಂಗೆ ಸಾರತೆ, ವಿದ್ಯುತ್ತು ಎರಡೂ ಒಳಮುಖ. ಪೊಟ್ಯಾಸಿಯಂಗೆ ಸಾರತೆ ಹೊರಕ್ಕೆ ತಳ್ಳುತ್ತದೆ, ವಿದ್ಯುತ್ತು ಒಳಕ್ಕೆ ಎಳೆಯುತ್ತದೆ.

ಎರಡೂ ಕಡೆ ಸಮವಾದ ಮೇಲೆ ಓಡಾಟ ನಿಂತುಹೋಗುತ್ತದೆ ಎಂದು ಎಷ್ಟೋ ಜನ ಬರೆಯುತ್ತಾರೆ. ನಿಲ್ಲುವುದಿಲ್ಲ. ಆ ಕಡೆಗೆ ಎಷ್ಟು ಅಣು ಹೋಗುತ್ತವೋ ಈ ಕಡೆಗೂ ಅಷ್ಟೇ ಬರುತ್ತವೆ, ಅಷ್ಟೇ.

ಹೆಜ್ಜೆ 5: ನೀರಿನ ಲೆಕ್ಕವನ್ನು ಬೇರೆಯಾಗಿ ಹಾಕಿ

ನೀರಿಗೆ ಪ್ರತ್ಯೇಕ ಹೆಜ್ಜೆ ಕೊಟ್ಟಿದ್ದೇನೆ. ಗೊಂದಲ ಜಾಸ್ತಿ ಆಗುವುದು ಇಲ್ಲೇ. ಕರಗಿದ ಕಣಗಳು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ನೀರು ಹೋಗುತ್ತದೆ. ಇದೇ ಅಭಿಸರಣೆ. ಎಣಿಸಬೇಕಾದದ್ದು ಕಣಗಳ ಸಂಖ್ಯೆಯನ್ನು, ತೂಕವನ್ನಲ್ಲ.

ಆಸ್ಪತ್ರೆಯಲ್ಲಿ ಕೊಡುವ ಸಲೈನ್ ತೆಗೆದುಕೊಳ್ಳಿ. ಅದು 0.9 ಶೇಕಡಾ ಉಪ್ಪು, ಅಂದರೆ ಲೀಟರಿಗೆ 9 ಗ್ರಾಂ. ಉಪ್ಪಿನ ಅಣುತೂಕ 58.5. ಭಾಗಿಸಿದರೆ 0.154 ಮೋಲ್. ನೀರಿನಲ್ಲಿ ಉಪ್ಪು ಸೋಡಿಯಂ, ಕ್ಲೋರೈಡ್ ಎಂದು ಎರಡಾಗಿ ಒಡೆಯುತ್ತದೆ. ಹಾಗಾಗಿ 2ರಿಂದ ಗುಣಿಸಿ: 0.308. ಈಗ 5 ಶೇಕಡಾ ಗ್ಲೂಕೋಸ್ ನೋಡಿ. ಲೀಟರಿಗೆ 50 ಗ್ರಾಂ, ಅಣುತೂಕ 180, ಉತ್ತರ 0.278. ಅದು ಒಡೆಯುವುದಿಲ್ಲ, ಹಾಗಾಗಿ ಅಷ್ಟೇ. ಗ್ರಾಂ ಲೆಕ್ಕದಲ್ಲಿ 5 ಪಟ್ಟಿಗೂ ಹೆಚ್ಚು ವ್ಯತ್ಯಾಸವಿದ್ದ ಎರಡು ದ್ರಾವಣಗಳು ಕಣಗಳ ಲೆಕ್ಕದಲ್ಲಿ ಹತ್ತಿರ ಹತ್ತಿರ ಬಂದವು, ಅಲ್ವಾ? ಎರಡರಲ್ಲೂ ಕೆಂಪು ರಕ್ತಕಣ ಹಾಕಿದ ಕೂಡಲೇ ಉಬ್ಬುವುದೂ ಇಲ್ಲ, ಮುದುಡುವುದೂ ಇಲ್ಲ. ಬರೀ ನೀರಿಗೆ ಹಾಕಿದರೆ ನೀರು ಒಳನುಗ್ಗಿ ಒಡೆದುಹೋಗುತ್ತದೆ. ಸಸ್ಯದ ಕೋಶ ಒಡೆಯುವುದಿಲ್ಲ, ಹೊರಗಿನ ಕೋಶಭಿತ್ತಿ ತಡೆಯುತ್ತದೆ.

ಕಣಗಳ ಎಣಿಕೆ ಸಮವಿದ್ದರೆ ಸಾಕೇ? ಸಾಲದು. ಇದು ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಜಾಗ. 0.3 ಮೋಲ್ ಯೂರಿಯಾ ದ್ರಾವಣದಲ್ಲಿ ಕಣಗಳ ಸಂಖ್ಯೆ ರಕ್ತಕಣದ ಒಳಗಿರುವಷ್ಟೇ ಇದೆ. ಆದರೂ ಅದರಲ್ಲಿ ಹಾಕಿದ ರಕ್ತಕಣ ಬೇಗನೆ ಒಡೆಯುತ್ತದೆ. ಯೂರಿಯಾ ಪೊರೆಯನ್ನು ದಾಟಿ ಒಳಬರುತ್ತದೆ, ರಕ್ತಕಣದಲ್ಲಿ ಅದನ್ನು ದಾಟಿಸುವ ಪ್ರೋಟೀನೂ ಇದೆ. ಯೂರಿಯಾ ಬಂದರೆ ಒಳಗೆ ಕಣಗಳು ಜಾಸ್ತಿಯಾದವು, ಹಿಂದೆಯೇ ನೀರೂ ಬರುತ್ತದೆ. ಅಂದರೆ ನೀರನ್ನು ಹಿಡಿದಿಡುವುದು ದಾಟಲಾರದ ಕಣಗಳು ಮಾತ್ರ. ನೀರಿನ ಲೆಕ್ಕ ಹಾಕುವಾಗಲೂ ಮೂರನೇ ಹೆಜ್ಜೆಗೆ ಹೋಗಿಬರಲೇಬೇಕು.

ಮಾಡಿ ನೋಡಬೇಕಾದರೆ ಆಲೂಗಡ್ಡೆ ಒಳ್ಳೆಯದು. ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ ತೂಕ ಬರೆದಿಡಿ. ಸಕ್ಕರೆಯ ಅಣುತೂಕ 342. ಹಾಗಾಗಿ 6.84 ಗ್ರಾಂ ಸಕ್ಕರೆಗೆ ನೀರು ಸೇರಿಸಿ 100 ಮಿಲಿಲೀಟರ್ ಮಾಡಿದರೆ 0.2 ಮೋಲಾರ್ ದ್ರಾವಣ. ಇದೇ ಲೆಕ್ಕದಲ್ಲಿ 0.4, 0.6, 0.8 ಮಾಡಿ. ಒಂದರಲ್ಲಿ ಬರೀ ನೀರು ಇರಲಿ. ಕೆಲವು ಗಂಟೆ ಬಿಟ್ಟು ತೆಗೆದು, ಮೇಲಿನ ತೇವ ಒರೆಸಿ, ಮತ್ತೆ ತೂಗಿ. ಒರೆಸುವುದನ್ನು ಮರೆತರೆ ಲೆಕ್ಕವೆಲ್ಲ ಹಾಳು. ತೂಕ ಶೇಕಡಾ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಗ್ರಾಫ್ ಹಾಕಿ. ಗೆರೆ ಸೊನ್ನೆಯನ್ನು ದಾಟುವ ಜಾಗವೇ ಆಲೂಗಡ್ಡೆಯ ಒಳಗಿನ ಸಾರತೆಗೆ ಸಮ. ಸಾಮಾನ್ಯವಾಗಿ ಅದು 0.2 ಮತ್ತು 0.4ರ ನಡುವೆ ಬರುತ್ತದೆ.

ನೀರು ಇಷ್ಟು ಬೇಗ ದಾಟುವುದಕ್ಕೆ ಬರೀ ಲಿಪಿಡ್ ಸಾಲದು. ಅನೇಕ ಕೋಶಗಳಲ್ಲಿ ನೀರಿಗೇ ಮೀಸಲಾದ ಅಕ್ವಾಪೋರಿನ್ ಎಂಬ ಕಾಲುವೆ ಪ್ರೋಟೀನು ಇದೆ. ಸೆಕೆಂಡಿಗೆ ನೂರಾರು ಕೋಟಿ ನೀರಿನ ಅಣುಗಳು ಒಂದೇ ಸಾಲಿನಲ್ಲಿ ಅದರೊಳಗೆ ಹಾದುಹೋಗುತ್ತವೆ. ಇದನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಹೆಜ್ಜೆ 6: ಯಾವ ಪ್ರೋಟೀನು ದಾಟಿಸುತ್ತದೆ?

ತಾನೇ ದಾಟಲಾರದ ವಸ್ತುವಿಗೆ ಪ್ರೋಟೀನಿನ ನೆರವು ಬೇಕು. ಎರಡು ಬಗೆ ಇದೆ.

ಒಂದು, ಕಾಲುವೆ. ತೆರೆದರೆ ಸರಸರನೆ ಹಾದುಹೋಗಬಹುದು. ಪೊಟ್ಯಾಸಿಯಂ ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು 10 ಕೋಟಿ ಅಯಾನುಗಳವರೆಗೆ ಹೋಗಬಲ್ಲವು. ಅಷ್ಟು ವೇಗದಲ್ಲೂ ಅದು ಸೋಡಿಯಂ ಅನ್ನು ಬಿಡುವುದಿಲ್ಲ. ಸೋಡಿಯಂ ಪೊಟ್ಯಾಸಿಯಂಗಿಂತ ಚಿಕ್ಕದು! ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಡೆಯುವುದು ಹೇಗೆ? 1998ರಲ್ಲಿ ರಾಡ್ರಿಕ್ ಮ್ಯಾಕಿನನ್ ಅವರ ತಂಡ ಕಾಲುವೆಯ ರಚನೆ ಬಿಡಿಸಿ ತೋರಿಸಿದಾಗ ಉತ್ತರ ಸಿಕ್ಕಿತು. ಕಾಲುವೆಯ ಕಿರಿದಾದ ಭಾಗದಲ್ಲಿ ಆಕ್ಸಿಜನ್ ಪರಮಾಣುಗಳು ಸುತ್ತುಗಟ್ಟಿ ನಿಂತಿವೆ. ಪೊಟ್ಯಾಸಿಯಂ ತನ್ನ ಸುತ್ತಲಿನ ನೀರನ್ನು ಬಿಟ್ಟು ಒಳಬಂದರೆ, ನೀರು ಇದ್ದ ಜಾಗದಲ್ಲೇ ಈ ಆಕ್ಸಿಜನ್‌ಗಳು ಸರಿಯಾಗಿ ಕೂರುತ್ತವೆ. ಬಿಟ್ಟದ್ದಕ್ಕೆ ಸಮನಾದದ್ದು ಸಿಕ್ಕಿತು. ಸೋಡಿಯಂ ಚಿಕ್ಕದಾದ್ದರಿಂದ ಅವು ಅದನ್ನು ಸರಿಯಾಗಿ ಮುಟ್ಟುವುದಿಲ್ಲ. ನೀರು ಬಿಟ್ಟ ನಷ್ಟ ತುಂಬುವುದಿಲ್ಲ, ಹಾಗಾಗಿ ಅದು ಒಳಗೆ ಬರುವುದಿಲ್ಲ. ಮೂರನೇ ಹೆಜ್ಜೆಯಲ್ಲಿ ಹೇಳಿದ ನೀರಿನ ಕವಚದ ಮಾತು ಇಲ್ಲಿ ಎಷ್ಟು ಚೆನ್ನಾಗಿ ಕೂಡಿಬರುತ್ತದೆ ನೋಡಿ.

ಇನ್ನೊಂದು, ವಾಹಕ. ಇದು ಎರಡು ಬಾಗಿಲಿನ ಪುಟ್ಟ ಕೋಣೆಯ ಹಾಗೆ, ಎರಡೂ ಬಾಗಿಲು ಒಟ್ಟಿಗೆ ತೆರೆಯುವುದಿಲ್ಲ. ಹೊರಗಿನಿಂದ ಗ್ಲೂಕೋಸ್ ಬಂದು ಕೂರುತ್ತದೆ, ಪ್ರೋಟೀನು ಆಕಾರ ಬದಲಿಸುತ್ತದೆ, ಒಳಗಡೆ ಬಿಡುತ್ತದೆ. ಪ್ರತಿ ಸಲವೂ ಆಕಾರ ಬದಲಿಸಬೇಕಾದ್ದರಿಂದ ಕಾಲುವೆಗಿಂತ ತುಂಬಾ ನಿಧಾನ. ವಾಹಕಗಳೆಲ್ಲ ಕೆಲಸದಲ್ಲಿ ತೊಡಗಿದ್ದರೆ ಹೊರಗೆ ಎಷ್ಟು ಗ್ಲೂಕೋಸ್ ಹೆಚ್ಚಿಸಿದರೂ ವೇಗ ಏರುವುದಿಲ್ಲ. ಮೂತ್ರಪಿಂಡದಲ್ಲಿ ಇದು ಕಾಣುತ್ತದೆ. ಸೋಸಿದ ಗ್ಲೂಕೋಸನ್ನು ಅಲ್ಲಿನ ವಾಹಕಗಳು ರಕ್ತಕ್ಕೆ ಮರಳಿಸುತ್ತವೆ. ರಕ್ತದ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಅವುಗಳಿಗೆ ಹಿಡಿಯಲಾಗುವುದಿಲ್ಲ, ಉಳಿದದ್ದು ಮೂತ್ರಕ್ಕೆ ಬರುತ್ತದೆ.

ಇಳಿಜಾರಿನಲ್ಲಿ ಪ್ರೋಟೀನಿನ ಮೂಲಕ ಇಳಿದರೆ ಅದು ಸುಗಮ ವಿಸರಣೆ. ಶಕ್ತಿ ಖರ್ಚಿಲ್ಲ. "ಪ್ರೋಟೀನು ಇದೆ ಅಂದರೆ ಎಟಿಪಿ ಬೇಕು" ಎಂದು ಸುಮ್ನೆ ಬರೆದುಬಿಡಬೇಡಿ. (ಎಟಿಪಿ ಅಂದರೆ ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು.)

ಹೆಜ್ಜೆ 7: ಏರು ಹತ್ತಬೇಕಾದರೆ ಶಕ್ತಿ ಎಲ್ಲಿಂದ?

ನಾಲ್ಕನೇ ಹೆಜ್ಜೆಯ ಸೋಡಿಯಂ, ಪೊಟ್ಯಾಸಿಯಂ ಅಂಕಿಗಳನ್ನು ಮತ್ತೆ ನೋಡಿ. ಅಷ್ಟು ವ್ಯತ್ಯಾಸ ತಾನಾಗಿ ಉಳಿಯುವುದಿಲ್ಲ. ಅದನ್ನು ಕಾಯುವುದು ಸೋಡಿಯಂ-ಪೊಟ್ಯಾಸಿಯಂ ಪಂಪು. ಜೆನ್ಸ್ ಸ್ಕೋ 1957ರಲ್ಲಿ ಇದನ್ನು ಗುರುತಿಸಿದರು, 40 ವರ್ಷದ ನಂತರ 1997ರಲ್ಲಿ ನೊಬೆಲ್ ಪಡೆದರು. ಒಳಗಡೆ 3 ಸೋಡಿಯಂ ಬಂದು ಕೂರುತ್ತವೆ. ಎಟಿಪಿಯ ಒಂದು ಫಾಸ್ಫೇಟ್ ಪಂಪಿಗೆ ಅಂಟುತ್ತದೆ, ಪಂಪು ಹೊರಕ್ಕೆ ತೆರೆಯುತ್ತದೆ, ಸೋಡಿಯಂ ಹೊರಹೋಗುತ್ತದೆ. ಹೊರಗಿನಿಂದ 2 ಪೊಟ್ಯಾಸಿಯಂ ಬಂದು ಕೂರುತ್ತವೆ, ಫಾಸ್ಫೇಟ್ ಕಳಚುತ್ತದೆ, ಪಂಪು ಒಳಕ್ಕೆ ತಿರುಗುತ್ತದೆ. ಹೀಗೆ ಶಕ್ತಿ ಖರ್ಚು ಮಾಡಿ ಏರು ಹತ್ತಿಸುವುದೇ ಸಕ್ರಿಯ ಸಾಗಣೆ. ಸುಮ್ಮನೆ ಮಲಗಿರುವ ದೇಹ ಬಳಸುವ ಎಟಿಪಿಯಲ್ಲಿ ಸುಮಾರು ಕಾಲು ಭಾಗ ಈ ಒಂದು ಕೆಲಸಕ್ಕೆ ಹೋಗುತ್ತದೆ.

ಪಂಪು ಕಟ್ಟಿದ ಆ ಸೋಡಿಯಂ ಇಳಿಜಾರು ಸ್ವತಃ ಒಂದು ಶಕ್ತಿಯ ಗಂಟು. ಸಣ್ಣ ಕರುಳಿನ ಒಂದು ವಾಹಕ ಅದನ್ನು ಹೀಗೆ ಬಳಸುತ್ತದೆ: ಸೋಡಿಯಂ ಇಳಿದು ಒಳಬರುವಾಗ ಜೊತೆಗೆ ಗ್ಲೂಕೋಸನ್ನೂ ಏರು ಹತ್ತಿಸಿ ಎಳೆದುತರುತ್ತದೆ. ಎಟಿಪಿ ನೇರವಾಗಿ ಖರ್ಚಾಗುವುದಿಲ್ಲ, ಹಿಂದೆ ಪಂಪು ಖರ್ಚು ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಈ ಜೋಡಿ ಸಾಗಣೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದರು. ಭೇದಿಗೆ ಕೊಡುವ ಓಆರ್‌ಎಸ್‌ ನಿಂತಿರುವುದು ಇದರ ಮೇಲೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್ ಇದೆ. ಎರಡೂ ಒಟ್ಟಿಗೆ ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಕಾಲರಾದಂಥ ಭೇದಿಯಲ್ಲೂ ಈ ವಾಹಕ ಕೆಲಸ ಮಾಡುತ್ತಲೇ ಇರುತ್ತದೆ. ಪೊರೆಯ ಒಂದು ಪ್ರೋಟೀನನ್ನು ಅರ್ಥ ಮಾಡಿಕೊಂಡದ್ದರಿಂದ ಲಕ್ಷಾಂತರ ಮಕ್ಕಳ ಜೀವ ಉಳಿದಿದೆ.

ಪ್ರೋಟೀನಿನೊಳಗೂ ಹಿಡಿಸದಷ್ಟು ದೊಡ್ಡದಾದರೆ ಪೊರೆಯೇ ಬಾಗಿ ಸುತ್ತಿಕೊಳ್ಳಬೇಕು. ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣ ಸುಮಾರು 22 ನ್ಯಾನೋಮೀಟರ್, ಪೊರೆಯ ದಪ್ಪಕ್ಕಿಂತ ಎಷ್ಟೋ ದೊಡ್ಡದು. ಅದು ಪೊರೆಯ ಮೇಲಿನ ಗ್ರಾಹಕ ಪ್ರೋಟೀನಿಗೆ ಅಂಟುತ್ತದೆ, ಪೊರೆ ಒಳಕ್ಕೆ ಕುಳಿಬಿದ್ದು ಚೀಲವಾಗಿ ಕಳಚಿಕೊಳ್ಳುತ್ತದೆ. ಇದೇ ಎಂಡೋಸೈಟೋಸಿಸ್. ಇನ್ಸುಲಿನ್ ಕೋಶದಿಂದ ಹೊರಬರುವುದು ಇದರ ಉಲ್ಟಾ ದಾರಿಯಲ್ಲಿ.

ಹೆಜ್ಜೆ 8: ಹೊಸ ವಸ್ತುವಿನ ಮೇಲೆ ಪ್ರಯತ್ನಿಸಿ

ಹಲ್ಲು ಕೀಳುವ ಮೊದಲು ಕೊಡುವ ಮರಗಟ್ಟಿಸುವ ಮದ್ದು ಲಿಡೋಕೇನ್ ತೆಗೆದುಕೊಳ್ಳೋಣ. ಅದು ನರಕೋಶದ ಸೋಡಿಯಂ ಕಾಲುವೆಯನ್ನು ಮುಚ್ಚುತ್ತದೆ, ಅದೂ ಮುಖ್ಯವಾಗಿ ಒಳಗಿನಿಂದ. ಹಾಗಾದರೆ ಮೊದಲು ಪೊರೆ ದಾಟಬೇಕು.

ಆವೇಶ ಇದೆಯೇ? ಎರಡು ರೂಪ ಇದೆ. ಹೈಡ್ರೋಜನ್ ಅಯಾನು ಹಿಡಿದುಕೊಂಡಾಗ ಆವೇಶ ಇದೆ, ಬಿಟ್ಟಾಗ ಇಲ್ಲ. ಲಿಡೋಕೇನಿನ ಪಿಕೆಎ, ಅಂದರೆ ಎರಡೂ ರೂಪ ಅರ್ಧಕ್ಕೆ ಅರ್ಧ ಇರುವ ಪಿಎಚ್, 7.9. ದೇಹದ ಸಾಮಾನ್ಯ ಪಿಎಚ್ 7.4ರಲ್ಲಿ ಸುಮಾರು ಕಾಲು ಭಾಗ ಆವೇಶವಿಲ್ಲದ ರೂಪದಲ್ಲಿರುತ್ತದೆ. ಆ ಕಾಲು ಭಾಗ ಎಣ್ಣೆಯನ್ನು ತಾನೇ ದಾಟುತ್ತದೆ. ಪ್ರೋಟೀನು ಬೇಡ, ಎಟಿಪಿ ಬೇಡ. ಒಳಗೆ ಹೋದ ಮೇಲೆ ಅದರಲ್ಲಿ ಬಹುಪಾಲು ಮತ್ತೆ ಆವೇಶ ಪಡೆದು ಕಾಲುವೆಗೆ ಅಂಟುತ್ತದೆ.

ಈಗ ಹಲ್ಲಿನ ಬುಡದಲ್ಲಿ ಕೀವಾಗಿದೆ ಎಂದುಕೊಳ್ಳಿ. ಅಲ್ಲಿ ಆಮ್ಲ ಜಾಸ್ತಿ. ಪಿಎಚ್ 6.5ಕ್ಕೆ ಇಳಿದರೆ ಆವೇಶವಿಲ್ಲದ ರೂಪ ಶೇಕಡಾ 4ಕ್ಕೆ ಇಳಿಯುತ್ತದೆ. ಅಷ್ಟೇ ಮದ್ದು ಕೊಟ್ಟರೂ ದಾಟುವುದು ಕಡಿಮೆ, ಮರಗಟ್ಟುವುದೂ ಕಡಿಮೆ. ಕೀವಾದ ಕಡೆ ಇಂಜೆಕ್ಷನ್ ಸರಿಯಾಗಿ ಹಿಡಿಯದಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಇದೇ ರೀತಿಯಲ್ಲಿ ಇವನ್ನು ನೀವೇ ಬಿಡಿಸಿ: ಆಲ್ಕೋಹಾಲ್, ಅಮೋನಿಯಾ ಮತ್ತು ಅಮೋನಿಯಂ ಅಯಾನು, ಕ್ಯಾಲ್ಸಿಯಂ, ಜಠರದ ಆಮ್ಲ. ಕ್ಯಾಲ್ಸಿಯಂಗೆ ಒಂದು ಸುಳಿವು ಕೊಡುತ್ತೇನೆ. ಕೋಶದ್ರವದಲ್ಲಿ ಅದರ ಸಾರತೆ ಹೊರಗಿಗಿಂತ ಸುಮಾರು 10 ಸಾವಿರ ಪಟ್ಟು ಕಡಿಮೆ. ಅಂದ ಮೇಲೆ ಅದು ಒಳಬರುವ ದಾರಿಗೂ ಹೊರಹೋಗುವ ದಾರಿಗೂ ಒಂದೇ ಉತ್ತರ ಇರಲಾರದು. ಎರಡನ್ನೂ ಬೇರೆ ಬೇರೆ ಬರೆಯಿರಿ.